ಸುಭದ್ರತ್ತೆ ಹೊಟ್ಟೆಗೆ ಐವತ್ತೇಳು ವೋಟು

"ಏಯ್ ಮಹೀ, ನಿಮ್ಮಪ್ಪ ಸುಭದ್ರತ್ತೆ ಹೊಟ್ಟೆಗೆ ವೋಟಿಂಗ್ ಇಟ್ಟಿದಾರೆ ಕಣೇ!"

ಸೂರತ್ತಿಂದ ಚಿಕ್ಕಪ್ಪನ ಮಗಳು ಮೇಘನಾ ಫೋನಲ್ಲಿ ಹೀಗೆ ಕಿರುಚಿದಾಗ ಮಹಿಮಾ ಅಹಮದಾಬಾದಿನ ನವರಂಗಪುರದ ಕಾಲೇಜ್ ಗೇಟ್ ಮುಂದೆ ಆಟೋದವನ ಹತ್ರ ಚೌಕಾಸಿ ಮಾಡ್ತಿದ್ಲು.

"ಏನಿಟ್ಟಿದಾರೆ?"

"ವೋಟಿಂಗೇ, ವಾಟ್ಸಾಪಲ್ಲಿ! ಗ್ರೂಪಲ್ಲಿ ದೊಡ್ಡೋರು ನಲವತ್ತಾರು ಜನ ಇದಾರೆ, ಅತ್ತೆ ಒಬ್ರನ್ನ ಬಿಟ್ಟು. ಅಮ್ಮನ ಫೋನಲ್ಲಿ ನೋಡ್ದೆ. ಫೋಟೋ ಕಳ್ಸಿದೀನಿ, ನಾನು ಕಳ್ಸಿದ್ದು ಅಂತ ಬಾಯ್ಬಿಟ್ರೆ ನೋಡು!"

ಫೋಟೋ ತೆಗೆದ್ರೆ ಸುಳ್ಳಲ್ಲ. ತಕ್ಷಣ ಆಪರೇಷನ್, ಮೂವತ್ತೊಂದು ವೋಟು. ಮೊದಲು ಕೀಮೋ ಆಮೇಲೆ ಆಪರೇಷನ್, ಹದಿನೇಳು. ಆಯುರ್ವೇದ, ಒಂಬತ್ತು.

"ನಲವತ್ತಾರು ಜನಕ್ಕೆ ಐವತ್ತೇಳು ವೋಟು ಹೆಂಗೇ ಬಂತು?"

"ಒಬ್ರು ಎಷ್ಟಕ್ಕೆ ಬೇಕಾದ್ರೂ ಒತ್ಬೋದು ಅಂತ ಬಿಟ್ಟಿದಾರೆ ನಿಮ್ಮಪ್ಪ. ರಾಘವ ಮಾವ ಮೂರಕ್ಕೂ ಒತ್ತಿ, ಕೆಳಗೆ ಶುಭೋದಯ ಅಂತ ಗುಲಾಬಿ ಹೂ ಹಾಕಿದಾರೆ!"

ಮಹಿಮಾ ಹೊಟ್ಟೆ ಹಿಡ್ಕೊಂಡು ನಕ್ಳು. ಆಟೋ ಹತ್ತಿ ಕೂತ್ಮೇಲೆ ನಗು ತಾನಾಗೇ ನಿಂತುಹೋಯ್ತು. ಅಪ್ಪ ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ 'ಮನೆಯವರ ತೀರ್ಮಾನ' ಹೇಳ್ತಾರೆ ಅನ್ನೋದು ಅವಳಿಗೆ ಗೊತ್ತಿತ್ತು. ಇದೇನಾ ಆ ತೀರ್ಮಾನ?

ಅವಳಪ್ಪ ಅಚ್ಯುತ ಕೆಲಸ ಮಾಡೋ ಸ್ಯಾಟಲೈಟ್ ಏರಿಯಾದ ಆಫೀಸಲ್ಲಿ ಕ್ಯಾಂಟೀನ್ ಸಾಂಬಾರಿಗೂ ಒಂದು ಕಮಿಟಿ ಇದೆ. ಒಬ್ಬರೇ ನಿರ್ಧಾರ ಮಾಡೋದು ಅಂದ್ರೆ ಆ ಮನುಷ್ಯನಿಗೆ ಮೈ ಬೆವರುತ್ತೆ. ಅವರಕ್ಕ ಸುಭದ್ರತ್ತೆ ಪೂರ್ತಿ ಉಲ್ಟಾ. ಮದುವೆ ಗಿದುವೆ ಅಂತ ತಲೆ ಕೆಡಿಸ್ಕೊಳ್ಳದೆ, ವಡೋದರಾದ ಇನ್ಶೂರೆನ್ಸ್ ಆಫೀಸಲ್ಲಿ ಮೂವತ್ತೊಂದು ವರ್ಷದಿಂದ ಕ್ಲೇಮ್ ಫೈಲ್ ಓದ್ತಿರೋ ಹೆಂಗಸು. ಹೋದ ತಿಂಗಳು ತಿಂದಿದ್ದು ಇಳೀತಿಲ್ಲ ಅಂತ ಟೆಸ್ಟ್ ಮಾಡಿಸಿದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಗಡ್ಡೆ ಸಿಕ್ತು. ಸುದ್ದಿ ಹೇಳಿದ್ದೂ ಅವರೇ: "ಅಚ್ಯುತಾ, ಕ್ಯಾನ್ಸರಂತೆ ಕಣೋ. ಬಸ್ಸಿಗೆ ಬರ್ಲೋ, ಟ್ರೈನಿಗೆ ಬರ್ಲೋ?"

ಅಹಮದಾಬಾದಿಗೆ ಬಂದಿದ್ದೇ ತಡ, "ನೀನು ರೆಸ್ಟ್ ತಗೋ ಅಕ್ಕ, ನಾವು ನೋಡ್ಕೋತೀವಿ" ಅಂತ ಅಪ್ಪ ಆಸ್ಪತ್ರೆ ಫೈಲನ್ನ ಬೀರುವಿಗೆ ಸೇರಿಸಿಬಿಟ್ಟಿದ್ರು.

ವಸ್ತ್ರಾಪುರದ ಮನೆ ಬಾಲ್ಕನಿಯ ಜೋಕಾಲಿಯಲ್ಲಿ ಅತ್ತೆ ಹಪ್ಪಳದಂಥ ಖಾಕ್ರಾದ ಕಾಲು ಭಾಗ ಹಿಡ್ಕೊಂಡು, ಇಲಿ ಥರ ಕಡೀತಾ ಕೂತಿದ್ರು. ಮಹಿಮಾಗೆ ಗುಟ್ಟು ಅಂದ್ರೆ ಬಾಯಲ್ಲಿ ಬಿಸಿ ಬಜ್ಜಿ ಇಟ್ಕೊಂಡ ಹಾಗೆ. ಎರಡು ನಿಮಿಷ ತಡೆದ್ಲು. ಮೂರನೇದಕ್ಕೆ ಫೋನ್ ಮುಂದೆ ಹಿಡಿದ್ಲು.

ಅತ್ತೆ ಕನ್ನಡಕ ಏರಿಸಿ ನೋಡಿದ್ರು. ಜೋಕಾಲಿ ನಿಂತುಹೋಯ್ತು.

"ಆಯುರ್ವೇದಕ್ಕೆ ಒಂಬತ್ತಾ? ಯಾವ ಮಹಾನುಭಾವರು ಇವ್ರು?"

"ಅತ್ತೆ, ಬೇಜಾರಾಯ್ತಾ?"

"ಬೇಜಾರು ಆಮೇಲೆ ಮಾಡ್ಕೋತೀನಿ. ಫೈಲ್ ತಗೊಂಡು ಬಾ. ಪೆನ್ಸಿಲ್ಲೂ, ಸ್ಕೇಲೂ."

ಅತ್ತೆ ಓದೋದು ಅಂದ್ರೆ ಓದೋದೇ. ಸಾಲಿನ ಕೆಳಗೆ ಸ್ಕೇಲಿಟ್ಟು, ಒಂದೊಂದೇ ಪುಟ. ಮೂರನೇ ಪುಟಕ್ಕೆ ಬಂದಾಗ ಸ್ಕೇಲ್ ಅಲ್ಲೇ ನಿಂತುಹೋಯ್ತು.

"ಬಾ ಇಲ್ಲಿ. ಮೊದಲು ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ನೋಡ್ಬೇಕು ಅಂತ ಡಾಕ್ಟ್ರು ಬರ್ದಿದಾರೆ. ಸ್ಕ್ಯಾನಿಗೆ ಸಿಗದ ಸಣ್ಣ ಸಣ್ಣ ಚುಕ್ಕೆ ಅದ್ರಲ್ಲಿ ಕಾಣುತ್ತಂತೆ. ಅದಾದ್ಮೇಲೇ ಮುಂದಿನ ತೀರ್ಮಾನ. ಇದನ್ನ ಮಾಡ್ಸೇ ಇಲ್ವಲ್ಲೇ! ನಲವತ್ತಾರು ಜನದಲ್ಲಿ ಒಬ್ಬರಿಗೂ ಮೂರನೇ ಪುಟ ತಿರುಗ್ಸೋಕೆ ಪುರುಸೊತ್ತಿಲ್ಲ."

"ಚುಕ್ಕೆ ಕಂಡ್ರೆ?" ಮಹಿಮಾ ದನಿ ಸಣ್ಣಗಾಯ್ತು.

"ಕಂಡ್ರೆ ಕಾಯಿಲೆ ಹೊರಗೆ ಚೆಲ್ಲಿದೆ ಅಂತ. ಆಗ ಅಷ್ಟು ದೊಡ್ಡ ಆಪರೇಷನ್ನಿಂದ ನೋವೇ ಹೆಚ್ಚು, ಲಾಭ ಕಮ್ಮಿ. ಕಾಣ್ಲಿಲ್ಲ ಅಂದ್ರೆ ನಾಲ್ಕು ಸಲ ಕೀಮೋ, ಆಪರೇಷನ್, ಮತ್ತೆ ಕೀಮೋ. ಅವ್ರ ಸಲಹೆ ಅದು."

ಅತ್ತೆ ಪೆನ್ಸಿಲನ್ನ ಕಾಗದಕ್ಕೆ ಒತ್ತಿ ಹಿಡಿದು ಬರೆಯೋಕೆ ಶುರು ಮಾಡಿದ್ರು: ಹೊಟ್ಟೆ ಎಷ್ಟು ಉಳಿಯುತ್ತೆ? ಆಮೇಲೆ ಏನು ತಿನ್ಬೋದು? ಕೀಮೋ ವಡೋದರಾದಲ್ಲೇ, ನನ್ನ ಮನೇಲಿದ್ದೇ ಮಾಡಿಸ್ಕೋಬೋದಾ? ಕೊನೇದರ ಕೆಳಗೆ ಎರಡು ಗೆರೆ ಎಳೆದ್ರು.

ಆರು ಗಂಟೆಗೆ ಅಚ್ಯುತ ಒಳಗೆ ಬಂದ್ರು. ಅಕ್ಕನ ಮಡಿಲಲ್ಲಿ ಫೈಲ್ ನೋಡಿ ಶೂ ಬಿಚ್ಚೋದನ್ನೇ ಮರೆತ್ರು.

"ಬಾಪ್ಪಾ, ಚುನಾವಣಾ ಅಧಿಕಾರಿ. ಎಣಿಕೆ ಮುಗೀತಾ?"

"ಅಕ್ಕಾ, ಅದು... ನಿಂಗೆ ಹೇಳಿದ್ರೆ ಹೆದರ್ಕೋತೀಯ ಅಂತ..."

"ಹೊಟ್ಟೆ ನಂದು, ಹೆದರಿಕೆ ನಿಂದಾ?"

ಅಪ್ಪ ಜೋಕಾಲಿ ತುದಿಯಲ್ಲಿ ಕೂತ್ರು. "ಹೂಂ. ನಂದೇ. ಅದು ಒಳಗೆ ಬೆಳೀತಿದೆ ಅನ್ಕೊಂಡ್ರೆ ನಿದ್ದೆ ಬರಲ್ಲ. ಕತ್ತರಿಸಿ ಬಿಸಾಕಿದ್ರೆ ಮುಗೀತಲ್ಲ ಅನ್ಸುತ್ತೆ. ನಾನು ಹೇಳಿದ್ದೇ ತಪ್ಪಾಗ್ಬಿಟ್ರೆ? ಅದಕ್ಕೇ ಎಲ್ಲಾರನ್ನೂ ಕೇಳ್ದೆ."

"ಎಲ್ಲಾರನ್ನೂ ಕೇಳ್ದೆ, ಸರಿ. ನನ್ನನ್ನ?"

ಅತ್ತೆ ಮೂರನೇ ಪುಟವನ್ನ ಅವರ ಕೈಗಿಟ್ಟು, ತಾವೇ ಆಸ್ಪತ್ರೆ ನಂಬರ್ ಒತ್ತಿದ್ರು. ಆ ಕಡೆ ಹುಡುಗಿ ಗುಜರಾತಿಯಲ್ಲಿ, ಪೇಷಂಟಿಗೆ ನೀವೇನಾಗ್ಬೇಕು ಅಂತ ಕೇಳಿದ್ಲು.

"ಹೂಂ ಪೋತೇಜ್ ಪೇಷಂಟ್ ಛೂಂ," ಅಂದ್ರು ಅತ್ತೆ. ನಾನೇ ಪೇಷಂಟು.

ಆ ಕಡೆ ಕೀಬೋರ್ಡ್ ಟಪಟಪ. ಅತ್ತೆ "ಹಾ ಬೇನ್, ಹಾ ಬೇನ್" ಅಂತ ಹೂಂಗುಡ್ತಾ ಹಾಳೆಯಲ್ಲಿ ಏನೋ ಗೀಚಿ ಫೋನಿಟ್ರು.

"ಯಾವಾಗಂತೆ?" ಅಪ್ಪ ಪುಟದಿಂದ ಕಣ್ಣು ತೆಗೀದೇ ಕೇಳಿದ್ರು. "ನಾನೂ ಬರ್ಲಾ ಅಕ್ಕ?"

"ಬಾ. ಒಬ್ಳೇ ಹೋಗೋಷ್ಟು ಧೈರ್ಯ ನಂಗೂ ಇಲ್ಲ ಕಣೋ. ಆದ್ರೆ ಅಲ್ಲಿ ಮಾತಾಡೋಳು ನಾನು. ಮಹೀ, ನೀನು ಬರ್ಕೊಳ್ಳೋಕೆ. ನಾಳೆ ಹನ್ನೊಂದೂವರೆಗೆ ಡಾಕ್ಟ್ರು ಟೈಮ್ ಕೊಟ್ಟಿದಾರೆ, ಹತ್ತೂ ಮುಕ್ಕಾಲಿಗೆ ಹೊರಡೋದು. ಅಚ್ಯುತಾ, ಈಗಲೇ ರಜೆ ಹಾಕು."