ಗುಜರಿ ಒಲೆ, ಗರಿಗರಿ ಪಂಚೆ

ಏಳು ಸಮುದ್ರ ದಾಟಬೇಕಿಲ್ಲ, ದೆಹಲಿಯ ನೀಲಿ ಮೆಟ್ರೋ ಹತ್ತಿ ನಿದ್ದೆ ಹೋದರೂ ತಲುಪುವಷ್ಟು ದೂರದಲ್ಲಿ ದ್ವಾರಕಾ ಎಂಬ ಪಟ್ಟಣ. ಆ ಪಟ್ಟಣದ ಒಂದು ಸೊಸೈಟಿಯ ಮೇಲ್ಮಹಡಿಯಲ್ಲಿ, ರಿಟೈರಾದ ಮೇಲೂ ಫೈಲು ನೋಡುವ ಮುಖವನ್ನೇ ಇಟ್ಟುಕೊಂಡಿದ್ದ ಅಶ್ವತ್ಥನಾರಾಯಣ ಎಂಬ ದೊರೆ. ಓದಲೆಂದು ಬಂದು ಅವರ ಮನೆ ಸೇರಿದ್ದಳು ಅಣ್ಣನ ಮಗಳು ಹಂಸಿನಿ. ಈ ಹಂಸಿನಿಗೆ ಒಂದು ಶಾಪವಿತ್ತು. ಅವಳು ಕಾವಲು ನಿಂತ ಹಾಲು ಉಕ್ಕದೆ ಇಳಿದದ್ದೇ ಇಲ್ಲ.

ಶಾಪದ ಮೂಲ ಅಜ್ಜಿ. ತುತ್ತಿಗೊಂದು ಕಥೆ ಕಟ್ಟಿ ಉಣ್ಣಿಸಿದ ಫಲ, ಹುಡುಗಿಗೆ ಬೆಂಕಿ ಕಂಡರೆ ಅದರೊಳಗೊಬ್ಬ ರಾಕ್ಷಸ ಕಾಣುತ್ತಿದ್ದ. ರಾಕ್ಷಸನ ಪ್ರಾಣ ಗಿಳಿಯಲ್ಲಿ, ಗಿಳಿ ಯಾವುದೋ ಪೊಟರೆಯಲ್ಲಿ. ಗಿಳಿಯನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಹಾಲೆಲ್ಲ ಸ್ಟೌ ಮೇಲೆ.

ಅಂಥವಳು ಕಾಲೇಜಿನವರ ಜೊತೆ ಹಿಮಾಚಲಕ್ಕೆ ಟ್ರೆಕ್ಕಿಂಗ್ ಹೋಗುತ್ತೇನೆ, ಅಡುಗೆಯ ಹೊಣೆಯೂ ನನ್ನದೇ ಎಂದರೆ ಚಿಕ್ಕಪ್ಪ ಒಪ್ಪಿಯಾರೆ?

“ಟೆಂಟಿಗೆ ಬೆಂಕಿ ಇಟ್ಟು ಬರ್ತೀಯ. ನಿಮ್ಮಪ್ಪನಿಗೆ ನಾನು ಏನು ಉತ್ತರ ಕೊಡ್ಲಿ?”

“ಒಲೆ ನಾನೇ ಮಾಡ್ತೀನಿ ಚಿಕ್ಕಪ್ಪ. ಗುಜರಿ ಸಾಮಾನಲ್ಲೇ ಆಗತ್ತೆ.”

“ಹಾಗಾದ್ರೆ ಭಾನುವಾರ ನಾಲ್ಕು ಗಂಟೆಗೆ ಟೆರೇಸಿಗೆ ಬರ್ತೀನಿ. ನಿನ್ನ ಗುಜರಿ ಒಲೆ ಮೇಲೆ ಫಿಲ್ಟರ್ ಕಾಫಿ ಮಾಡಿ ಕೊಡು. ಒಂದು ಹನಿ ಹಾಲು ಉಕ್ಕಬಾರದು. ಗೆದ್ರೆ ಹಿಮಾಚಲ. ಸೋತ್ರೆ ರಜೆಯಷ್ಟೂ ದಿನ ನನ್ನ ಜೊತೆ ಬೆಳಗಿನ ವಾಕಿಂಗು.”

“ಅಕ್ಕಾ, ಪ್ಲೀಸ್ ಸೋಲಬೇಡ,” ಎಂದಳು ದೆಹಲಿಯಲ್ಲೇ ಹುಟ್ಟಿ ಬೆಳೆದ ಚಿಕ್ಕಪ್ಪನ ಮಗಳು ಸ್ಫೂರ್ತಿ. “ವಾಕಲ್ಲಿ ಪಾಪಾ ಪೂರಾ ಪೆನ್ಷನ್ ರೂಲ್ಸ್ ಹೇಳ್ತಾರೆ.”

ಹಂಸಿನಿ ಗುಜರಿಯವನ ಗಾಡಿಯನ್ನು ತಡೆದು ಜಾಲಾಡಿದಳು. ಮೈತುಂಬ ತೂತುಗಳಿದ್ದ, ಚಮಚ ನಿಲ್ಲಿಸುವ ಸ್ಟೀಲ್ ಡಬ್ಬ ಸಿಕ್ಕಿತು. ಹಪ್ಪಳ ಸುಡುವ ಜಾಲರಿ ಸಿಕ್ಕಿತು. ತಾಯಿಯಿಂದ ಅಗಲಿದ ಕುಕ್ಕರ್ ಹಿಡಿಯೊಂದೂ ಸಿಕ್ಕಿತು.

“ಬಿಟಿಯಾ, ಯೇ ಸಬ್ ಮಿಲ್‌ಕೇ ಕ್ಯಾ ಬನೇಗಾ?” ಇದೆಲ್ಲ ಸೇರಿ ಏನಾಗುತ್ತದೆ ಎಂದು ಗುಜರಿಯವನಿಗೆ ಅಚ್ಚರಿ.

“ಹಿಮಾಲಯ, ಭಯ್ಯಾ!”

ಭಾನುವಾರ ಬಿಸಿಬೇಳೆಬಾತ್ ಉಂಡು ಮನೆಯವರೆಲ್ಲ ಮಲಗಿದ್ದಾಗ ಅವಳು ಟೆರೇಸಿನಲ್ಲಿ ಡಬ್ಬಕ್ಕೆ ಹಿಡಿ ಬಿಗಿದು, ಮೇಲೆ ಜಾಲರಿ ಇಟ್ಟು, ತೆಂಗಿನ ಚಿಪ್ಪಿನ ಚೂರುಗಳಿಗೆ ಬೆಂಕಿ ಕೊಟ್ಟಳು. ಡಬ್ಬದ ತಳದ ತೂತುಗಳು ದೊಡ್ಡವು. ಕೆಂಡವೆಲ್ಲ ಪುಳಪುಳನೆ ಕೆಳಗುದುರಿ ಒಲೆ ಖಾಲಿ. ಅಡುಗೆಮನೆಗೆ ಓಡಿ ಚಹಾ ಸೋಸುವ ಜರಡಿ ತಂದು ತಳಕ್ಕೆ ಹಾಸಿದಳು. ಅದರ ಪ್ಲಾಸ್ಟಿಕ್ ಅಂಚು ಕರಗಿ, ಬಲೆ ಸುರುಟಿ, ಸತ್ತ ಜೇಡದಂತೆ ಮುದುರಿತು.

ಅಜ್ಜಿಯ ಕಥೆಗಳಲ್ಲಿ ಗೆಲ್ಲುವುದು ಯಾವಾಗಲೂ ಮೂರನೆಯ ಮಗ. ಹಂಸಿನಿ ಮತ್ತೆ ಓಡಿದಳು. ಸಿಂಕಿನ ಪಕ್ಕ ತೊಳೆದು ಕವುಚಿದ ಪುಟ್ಟ ಸ್ಟೀಲ್ ಪಾತ್ರೆ, ಅದರ ತಳದಲ್ಲಿ ಎಳ್ಳುಕಾಳಿನಷ್ಟು ಸಣ್ಣ ತೂತುಗಳು! ಅದೇನು, ಎತ್ತ ಎಂದು ಅವಳು ಯೋಚಿಸಲಿಲ್ಲ. ಡಬ್ಬದೊಳಕ್ಕೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಕೆಂಡ ನಿಂತಿತು, ಉರಿ ಎದ್ದಿತು. ಹಂಸಿನಿ ನೀರಿನ ಟ್ಯಾಂಕಿಗೆ ಒಂದು ಸುತ್ತು ಕುಣಿದಳು.

ನಾಲ್ಕು ಗಂಟೆಗೆ ಚಿಕ್ಕಪ್ಪ ಗಂಜಿ ಹಾಕಿದ ಗರಿಗರಿ ಪಂಚೆಯುಟ್ಟು ನ್ಯಾಯಾಧೀಶರಂತೆ ಬಂದು ಕುರ್ಚಿಯಲ್ಲಿ ಕೂತರು. ಒಲೆಯ ಮೇಲೆ ನೀರು ಕೊತಕೊತ ಕುದಿಯಿತು.

“ಅಚ್ಛಾ,” ಎಂದರು. ಅವರ ಬಾಯಲ್ಲಿ ಅದು ಬಲು ದೊಡ್ಡ ಹೊಗಳಿಕೆ.

ಅಷ್ಟರಲ್ಲಿ ಚಿಕ್ಕಮ್ಮ ರತ್ನಪ್ರಭಾ ಹಾಲು, ಕಾಫಿಪುಡಿ ಹಿಡಿದು ಮೆಟ್ಟಿಲು ಹತ್ತಿ ಬಂದರು. “ಏನೇ, ಫಿಲ್ಟರಿನ ಕೆಳಗಿನ ಭಾಗ ಒಂದೇ ಇದೆ? ಮೇಲಿಂದು ಎಲ್ಲಿ...” ಎನ್ನುತ್ತಾ ಒಲೆಯೊಳಗೆ ಬಗ್ಗಿದರು.

ಎಲ್ಲರೂ ಬಗ್ಗಿದರು. ಫಿಲ್ಟರಿನ ಮೇಲಿನ ಭಾಗ ಕೆಂಡದ ನಡುವೆ ಕೆಂಪಗೆ ಹೊಳೆಯುತ್ತಿತ್ತು.

“ಅಯ್ಯೋ ನಿನ್ನ! ನನ್ನ ತವರಿನ ಫಿಲ್ಟರು ಕಣೇ ಅದು!”

“ಚಾಯ್ ಛನ್ನಿ ತರ್ಲಾ?” ಎಂದಳು ಸ್ಫೂರ್ತಿ. ಹಂಸಿನಿ ಮೂಲೆಯಲ್ಲಿ ಸತ್ತ ಜೇಡದಂತೆ ಬಿದ್ದಿದ್ದ ಚಹಾ ಜರಡಿಯನ್ನು ತೋರಿಸಿದಳು.

“ಸೋತೆ ಬಿಡು,” ಎಂದರು ಚಿಕ್ಕಪ್ಪ. ಆದರೆ ದನಿಯಲ್ಲಿ ಗೆದ್ದ ಖುಷಿಯಿರಲಿಲ್ಲ. ನಾಲ್ಕರ ಕಾಫಿ ತಪ್ಪಿದರೆ ಅವರಿಗೆ ಆ ದಿನ ಮುಳುಗಿದಂತೆಯೇ.

“ಚಿಕ್ಕಪ್ಪ, ಅಜ್ಜಿ ಮೊದಲೆಲ್ಲ ಬಟ್ಟೇಲಿ ಸೋಸ್ತಿದ್ರಂತಲ್ಲ?”

“ನನ್ನ ಸೀರೆ ಮುಟ್ಟಿದ್ರೆ ನೋಡು,” ಎಂದರು ಚಿಕ್ಕಮ್ಮ. “ಅಡುಗೆಮನೆ ಬಟ್ಟೆಗೆಲ್ಲ ಒಗ್ಗರಣೆ ವಾಸನೆ.”

ನಿಧಾನವಾಗಿ ಮೂವರ ಕಣ್ಣೂ ಗರಿಗರಿ ಪಂಚೆಯ ಮೇಲೆ ನೆಟ್ಟವು.

“ಹಾಗೆ ನೋಡ್ಬೇಡಿ!”

“ನಿಮ್ಮಮ್ಮ ಪಂಚೇಲೇ ಸೋಸ್ತಿದ್ರು, ಅಂಥ ಕಾಫಿ ಇನ್ನು ಹುಟ್ಟಲ್ಲ ಅಂತ ಮದುವೆಯಾದಾಗಿಂದ ನನ್ನ ತಲೆ ತಿಂದೋರು ಯಾರು?”

“ಅಮ್ಮ ಸೋಸ್ತಿದ್ದದ್ದು ಮಡಚಿಟ್ಟ ಪಂಚೇಲಿ ಕಣೇ, ಉಟ್ಟಿದ್ದರಲ್ಲಲ್ಲ!”

“ಮಡಚಿಟ್ಟಿದ್ದೆಲ್ಲ ಈಗ ಬಕೆಟಲ್ಲಿ ನೆನೀತಿದೆ. ಇದು ಒಗೆದು ಈಗ ತಾನೆ ಉಟ್ಟಿದ್ದು. ಬಿಚ್ಚಿ ಮತ್ತೆ.”

ಕುದಿನೀರಿಗೆ ಕಾಫಿಪುಡಿ ಬಿತ್ತು. ಘಮ ಎದ್ದು ಚಿಕ್ಕಪ್ಪನ ಮೂಗಿಗೆ ಬಡಿಯಿತು. ಅವರು ಒಂದು ನಿಟ್ಟುಸಿರು ಬಿಟ್ಟು ಟ್ಯಾಂಕಿನ ಹಿಂದೆ ಹೋದರು. ಹಂಸಿನಿ ಟ್ರೆಕ್ಕಿಂಗಿಗೆಂದು ಕಡ ತಂದು ಅಲ್ಲಿ ಬಿಸಿಲಿಗೆ ಹಾಕಿದ್ದ ಸ್ಲೀಪಿಂಗ್ ಬ್ಯಾಗಿನಲ್ಲಿ ಸೊಂಟದವರೆಗೆ ಇಳಿದು, ಪಂಚೆಯನ್ನು ಕೈಯಲ್ಲಿ ಹಿಡಿದು, ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಹೊರಬಂದು ಕುರ್ಚಿಯಲ್ಲಿ ಕೂತರು.

“ಯಾರೂ ನಗಬಾರದು. ಪರೀಕ್ಷೆ ನಡೀತಿದೆ.”

ಪಂಚೆಯ ಎರಡು ಮಡಿಕೆಯಿಂದ ಕಡುಗಪ್ಪು ಡಿಕಾಕ್ಷನ್ ತೊಟ್ಟಿಕ್ಕಿತು. ಇನ್ನು ಹಾಲು. ಹಂಸಿನಿ ಅದನ್ನು ಒಲೆಯ ಮೇಲಿಟ್ಟು ಕಾವಲು ಕೂತಳು.

ಸರಿಯಾಗಿ ಆಗಲೇ ಎದುರು ಟೆರೇಸಿನಿಂದ ಒಬ್ಬರು ಕೂಗಿದರು. “ಭಾಯೀ ಸಾಹಬ್, ಟಾಂಗ್ ಟೂಟ್ ಗಯೀ ಕ್ಯಾ?” ಕಾಲು ಮುರಿಯಿತೇ ಎಂಬ ಕಳಕಳಿ.

ಚಿಕ್ಕಪ್ಪ ಘನತೆಯಿಂದ ಎದ್ದು ನಿಲ್ಲಲು ಹೋಗಿ, ಕುರ್ಚಿ ಸಮೇತ ಉರುಳಿದರು. ಸ್ಫೂರ್ತಿ ಹೊಟ್ಟೆ ಹಿಡಿದುಕೊಂಡಳು. ಚಿಕ್ಕಮ್ಮ ನಗು ತಡೆಯಲಾರದೆ ನೆಲಕ್ಕೇ ಕೂತುಬಿಟ್ಟರು. ಹಂಸಿನಿ ಮಾತ್ರ ಅತ್ತ ತಿರುಗಲಿಲ್ಲ. ಉರಿಯೊಳಗೆ ರಾಕ್ಷಸ ಮೀಸೆ ತಿರುವುತ್ತಾ ನಿಂತಿದ್ದ. ಗಿಳಿ ತೋರಿಸ್ತೀನಿ ಬಾ ಎಂದು ಕರೆದ.

“ಆಮೇಲೆ ಬಾ ಮಾರಾಯ,” ಎಂದು ಗದರಿ ಅವಳು ಹಾಲನ್ನೇ ನೋಡಿದಳು. ಹಾಲಿಗೆ ಕೆನೆ ಕಟ್ಟಿತು, ಕೆನೆ ನಡುಗಿತು, ಬುಸ್ಸೆಂದು ಅಂಚಿನ ತನಕ ಏರಿತು. ಇಕ್ಕಳ ಹಾಕಿ ಗಬಕ್ಕನೆ ಎತ್ತಿದಳು. ಒಂದು ಹನಿ ಚೆಲ್ಲಲಿಲ್ಲ.

ನೊರೆಯೇಳುವ ಲೋಟವನ್ನು ಚಿಕ್ಕಪ್ಪ ಬ್ಯಾಗಿನೊಳಗೆ ಮಲಗಿದಲ್ಲೇ, ಮೊಣಕೈ ಊರಿಕೊಂಡು ಈಸಿಕೊಂಡರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ತೆರೆಯಲು ಬಹಳ ಹೊತ್ತು ಹಿಡಿಯಿತು.

“ಸ್ವಲ್ಪ ಗಂಜಿ ರುಚಿ ಇದೆ,” ಎಂದು ಲೋಟ ಖಾಲಿ ಮಾಡಿ ಮತ್ತೆ ಚಾಚಿದರು. “ಇನ್ನೊಂದು ಅರ್ಧ ಹಾಕು. ಹಿಮಾಚಲಕ್ಕೆ ಉಣ್ಣೆ ಸಾಕ್ಸ್ ತಗೊಂಡು ಹೋಗು. ಪಂಚೆ ಮಾತ್ರ ನಂದು ಕೊಡಲ್ಲ.”