ಅತ್ತೆಯ ಡೇಲಿಯಾ

ಎರಡನೆಯ ಜಡೆ ಅರ್ಧವಾಗಿತ್ತು. ಯಾರೋ ಬಾಗಿಲು ತಟ್ಟಿದರು. ಬೋಗ್ನಾಳ ಕೈ ಮಗಳ ಕೂದಲಲ್ಲೇ ಬಿಗಿಯಿತು.

"ಅಮ್ಮಾ, ನೋಯುತ್ತೆ."

ಇಷ್ಟು ಬೇಗ ಬರುವುದಿಲ್ಲ. ಬಸ್ಸು ಇರುವುದು ಮಧ್ಯಾಹ್ನ ನಾಲ್ಕಕ್ಕೆ. ಅಲ್ಲದೆ ಗಂಡ ವಿಟೋಲ್ಡ್ ಬಾಗಿಲು ತಟ್ಟುವವನಲ್ಲ.

ಕೆಳಮನೆಯ ಗೆನ್ಯಾ ಶಾಲು ಸುತ್ತಿಕೊಂಡು ನಿಂತಿದ್ದಳು. "ಟೀಚರಮ್ಮ, ನೆಲಮಾಳಿಗೆ ಕಿಟಕಿ ರಾತ್ರಿಯೆಲ್ಲ ತೆರೆದೇ ಇತ್ತು. ನಿಮ್ಮ ಸಾಮಾನಿನ ಗೂಡಿನ ಎದುರಿಗಿರೋದು. ಈಗ ಮುಚ್ಚಿ ಬಂದೆ. ಬೀದಿ ಬೆಕ್ಕು ಒಳಗೆ ಬರಲಿ ಅಂತ ಯಾರೋ ತೆಗೆದಿದ್ದಾರೆ. ಪುಣ್ಯದ ಕೆಲಸವೇ, ಬೇಡ ಅನ್ನಲ್ಲ. ಆದರೆ ನಿಮ್ಮತ್ತೆಯ ಡೇಲಿಯಾ ಗೆಡ್ಡೆ ಅಲ್ಲೇ ತಾನೆ ಇಟ್ಟಿರೋದು?"

"ಏನೂ ಆಗಿರಲ್ಲ ಬಿಡಿ."

"ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿಳಿದಿತ್ತು. ನನ್ನ ಉಪ್ಪಿನ ಕೋಸೇ ಕಲ್ಲಾಗಿದೆ." ಗೆನ್ಯಾ ದನಿ ತಗ್ಗಿಸಿದಳು. "ನಿಮ್ಮೆಜಮಾನ್ರು ಇವತ್ತು ಆಸ್ಪತ್ರೆಯಿಂದ ಬರ್ತಾರಂತಲ್ಲ?"

"ಹೌದು. ಈಗ ಆರಾಮಾಗಿದ್ದಾರಂತೆ."

"ಆರು ವಾರ ಕುಡೀದೇ ಇದ್ರೆ ಯಾರಾದರೂ ಆರಾಮೇ."

ಬಾಗಿಲು ಹಾಕಿ ತಿರುಗಿದಾಗ ತೋಸ್ಯಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಏಳು ವರ್ಷದ ಬೆನ್ನು, ತೀರ ನೆಟ್ಟಗೆ.

"ಬೆಕ್ಕಿನ ಕಿವಿ ಚಳಿಗೆ ಬಿಳಿಯಾಗಿತ್ತು," ಎಂದಳು. "ಕಿಟಕಿ ಸ್ವಲ್ಪವೇ ತೆಗೆದೆ."

ಬೋಗ್ನಾ ಬೈಯಲಿಲ್ಲ. ಬೈಯುವುದಕ್ಕೂ ಒಂದಿಷ್ಟು ಧೈರ್ಯ ಬೇಕು. ಅರ್ಧ ಜಡೆಯನ್ನು ಹಾಗೆಯೇ ಕಟ್ಟಿ, "ಬೂಟು ಹಾಕ್ಕೋ," ಎಂದಳು.

ನೆಲಮಾಳಿಗೆಯಲ್ಲಿ ಗೆಡ್ಡೆ ಪೆಟ್ಟಿಗೆಯ ಮರಳು ತಣ್ಣಗೆ ಅಂಟುತ್ತಿತ್ತು. ಅಕ್ಟೋಬರ್‌ನಲ್ಲಿ ಮೊದಲ ಹಿಮಕ್ಕೆ ಎಲೆ ಕಪ್ಪಾದ ಮರುದಿನವೇ ಬೋಗ್ನಾ ಅಗೆದು, ಬೂದಿ ಸವರಿ, ಮೋಟು ಕಾಂಡಗಳಿಗೆ ಅತ್ತೆಯ ಹಳೆಯ ಚೀಟಿಗಳನ್ನು ಕಟ್ಟಿ ಹೂತಿಟ್ಟಿದ್ದಳು. ಗೆಡ್ಡೆ ಕೊಟ್ಟವರ ಹೆಸರಿನಿಂದಲೇ ಅತ್ತೆ ಹೂವನ್ನು ಕರೆಯುತ್ತಿದ್ದಳು: ಯಾದ್ವಿಗಾಳ ಕೆಂಪು, ಪಾದ್ರಿಯ ಹಳದಿ. ತೀರಿಹೋದ ಅತ್ತೆಯಿಂದ ಮಗ ವಿಟೋಲ್ಡನಿಗೆ ಉಳಿದದ್ದು ಇಷ್ಟೇ.

ಒಂದನ್ನು ತೆಗೆದು ಒತ್ತಿದಳು. ಹೆಬ್ಬೆರಳು ಸಲೀಸಾಗಿ ಒಳಗೆ ಹೋಯಿತು. ನೀರು ಮಣಿಕಟ್ಟಿನವರೆಗೂ ಇಳಿಯಿತು. ಎರಡನೆಯದೂ ಹಾಗೆಯೇ. ಹದಿಮೂರೂ ಹಾಗೆಯೇ.

ಹೋದ ಚಳಿಗಾಲದಲ್ಲಿ ಕೊಳೆತದ್ದು ಎರಡೇ ಎರಡು. ಆಗ ಅವಳು ಮೂರು ವಾರ ಎಡಗೈಯಲ್ಲಿ ಬರೆದು ಭೂಗೋಳ ಪಾಠ ಮಾಡಿದಳು. ಕೇಳಿದವರಿಗೆ ಹಿಮದ ಮೇಲೆ ಜಾರಿದೆ ಎಂದಳು. ಆ ಊರಿನಲ್ಲಿ ಅದಕ್ಕೆ ಮರುಪ್ರಶ್ನೆ ಇರುವುದಿಲ್ಲ.

ಊರಿಗೆ ಬಂದ ವಿಟೋಲ್ಡ್ ಕೋಟು ಬಿಚ್ಚುವ ಮೊದಲೇ ನೆಲಮಾಳಿಗೆಗೆ ಇಳಿಯುತ್ತಾನೆ. ಮರಳು ಸರಿಸಿ, ಚೀಟಿ ಓದಿ, ಬೆರಳಲ್ಲಿ ಮುಟ್ಟಿ ನೋಡುತ್ತಾನೆ. ಪೂರ್ತಿ ಎತ್ತುವುದಿಲ್ಲ. ಹಾಗಾದರೆ ಬೆರಳಿಗೆ ಗಟ್ಟಿಯಾದದ್ದೇನೋ ಸಿಕ್ಕಿದರೆ ಸಾಕು. ಈ ಲೆಕ್ಕ ತನ್ನ ತಲೆಯಲ್ಲಿ ಇಷ್ಟು ಚೊಕ್ಕವಾಗಿ ಕೂತದ್ದು ಕಂಡು ಬೋಗ್ನಾಳಿಗೆ ಹೇಸಿಗೆಯಾಯಿತು.

ಮೇಲೆ ಹೋಗಿ ಅಡುಗೆಮನೆಯಿಂದ ಆಲೂಗಡ್ಡೆಯ ಚೀಲ ತಂದಳು. ಅವನಿಗಿಷ್ಟವೆಂದು ನಿನ್ನೆಯಷ್ಟೇ ಕೊಂಡದ್ದು.

"ಉದ್ದುದ್ದ ಇರೋದನ್ನ ಆರಿಸು."

ತೋಸ್ಯಾ ಆರಿಸಿದಳು. ಬೋಗ್ನಾ ಚಾಕುವಿನಿಂದ ತೂತು ಕೊರೆದು, ಸತ್ತ ಗೆಡ್ಡೆಗಳಿಂದ ಕೊಯ್ದ ಮೋಟು ಕಾಂಡಗಳನ್ನು ಅದರಲ್ಲಿ ನೆಟ್ಟಳು. ಚೀಟಿಗಳು ಒದ್ದೆಯಾಗಿದ್ದರೂ ಅಕ್ಷರ ಅಳಿಸಿರಲಿಲ್ಲ.

"ಇವು ಹೂ ಬಿಡಲ್ಲ ಅಲ್ವಾ?"

"ಬಿಡುತ್ತೆ. ಸಣ್ಣದು, ಬಿಳಿ."

"ಅಪ್ಪಂಗೆ ಗೊತ್ತಾಗಲ್ವಾ?"

"ಏಪ್ರಿಲ್‌ನಲ್ಲಿ ನೆಡೋವರೆಗೆ ಗೊತ್ತಾಗಲ್ಲ." ಭೂಗೋಳ ಹೇಳಿಕೊಡುವಾಗಿನದೇ ದನಿ. ಏಪ್ರಿಲ್ ಎಂಬುದು ಯಾವುದೋ ದೂರದ ದೇಶವಿದ್ದಂತೆ.

ಮಗು ಮತ್ತೆ ಬಾಯಿ ತೆರೆಯಿತು. ಬೋಗ್ನಾ ಬೇಗ, "ಅಲ್ಲಿ ಮರಳು ಕಡಿಮೆ ಆಯ್ತು ನೋಡು," ಎಂದಳು. ಬೆಳಗಿನಿಂದ ಇದು ನಾಲ್ಕನೆಯ ಸಲ. ತಿಂಡಿಯ ಮುಂದೆ, ಮೆಟ್ಟಿಲ ಮೇಲೆ, ಚೀಲ ಹೊತ್ತು ತರುವಾಗ, ಪ್ರತಿ ಸಲವೂ ಏನಾದರೊಂದು ಹೇಳಿ ತಡೆದಿದ್ದಳು. ಆ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಎಷ್ಟೋ ವರ್ಷದಿಂದ ತನ್ನನ್ನೇ ಕೇಳಿಕೊಳ್ಳದೆ ಉಳಿಸಿಟ್ಟುಕೊಂಡ ಪ್ರಶ್ನೆ.

ಇಬ್ಬರೂ ಮಂಡಿಯೂರಿ ಕೂತು ಆಲೂಗಡ್ಡೆಗಳ ಮೇಲೆ ಮರಳೆಳೆದರು. ತೋಸ್ಯಾ ಅಂಗೈಯಿಂದ ಮೆತ್ತಗೆ ತಟ್ಟುತ್ತ ಬಂದಳು, ಒಂದೊಂದನ್ನೂ ಮಲಗಿಸುವವಳಂತೆ. ಹದಿಮೂರು ಮೋಟುಗಳು ಸಾಲಾಗಿ ಮೇಲೆದ್ದು ನಿಂತವು, ಒಂದೊಂದಕ್ಕೂ ಒಂದು ಹೆಸರು.

ಬೋಗ್ನಾ ಮುಚ್ಚಳಕ್ಕೆ ಕೈ ಚಾಚಿದಳು. ಆಗ ಮಗು, ಪೆಟ್ಟಿಗೆಯಿಂದ ಕಣ್ಣು ತೆಗೆಯದೆ, ಮೇಲಿನ ಮನೆಯವರಿಗೂ ಕೇಳಿಸುವ ಹಾಗೆ ಸ್ಪಷ್ಟವಾದ ದನಿಯಲ್ಲಿ ಕೇಳಿತು:

"ಅಮ್ಮಾ, ಅಪ್ಪ ಬರಲೇಬೇಕಾ?"