ಐದು ಗಂಟೆಯೊಳಗೆ ಬ್ಯಾಡ ಅನ್ನಬೇಕು

ಸವಣೂರಿನ ಸೇವಾ ಕೇಂದ್ರದಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದ ಶೀಲಾ ಒಂದು ತುತ್ತನ್ನೂ ಬಾಯಿಗಿಡಲಿಲ್ಲ. ಎದುರಿನ ಕಂಪ್ಯೂಟರ್ ಪರದೆಯ ಮೇಲೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ನಾಲ್ಕು ತಾಲೂಕಿನ ಹೆಸರಿದ್ದವು. ನಾಲ್ಕರ ಮುಂದೆಯೂ ಒಂದೇ ಮಾತು: ಬಹುತೇಕ ಮಹಿಳೆಯರು ಕರಡು ನಿಯಮವನ್ನು ಬೆಂಬಲಿಸಿದ್ದಾರೆ.

ತಾನೇ ತಪ್ಪಾಗಿ ಓದಿದೆನೇನೋ ಎಂದು ಕಣ್ಣುಜ್ಜಿಕೊಂಡು ಮತ್ತೆ ಓದಿದಳು. ಮಾತು ಬದಲಾಗಲಿಲ್ಲ.

ಆ ನಿಯಮ ಬಂದರೆ ಮನೆಯಲ್ಲಿ ಖಾರಾ, ಚಕ್ಕುಲಿ ಕರಿದು ಮಾರುವವರು ಮಲಗುವ ಖೋಲಿಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಬೇರೆ ಅಡಿಗೆಮನೆ ಇಲ್ಲದವರಿಗೆ ಮಾರುವ ಪರವಾನಗಿಯೇ ಇಲ್ಲ. ಒಂದೇ ಖೋಲಿಯ ಮನೆಯಲ್ಲಿ ಒಲೆಯ ಪಕ್ಕ ಹಾಸಿಗೆ ಹಾಸುವ ಹೆಂಗಸರು ಬೇರೆ ಅಡಿಗೆಮನೆಯನ್ನು ಎಲ್ಲಿಂದ ತರಬೇಕು? ಸರ್ಕಾರ ಜನರ ಅಭಿಪ್ರಾಯ ಕೇಳಿತ್ತು. ಬರೆಯಲು ಬಾರದವರಿಗಾಗಿ ಹುಬ್ಬಳ್ಳಿಯ ಸಂಸ್ಥೆಯೊಂದು ಒಂದು ಫೋನ್ ನಂಬರು ಕೊಟ್ಟಿತ್ತು. ಅದಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಿದರೆ ಸಾಕು, ಕೃತಕ ಬುದ್ಧಿಯ ಯಂತ್ರವೇ ಕೇಳಿಸಿಕೊಂಡು, ಅಚ್ಚುಕಟ್ಟಾಗಿ ಬರೆದು, ಓದಿ ಹೇಳಿ, ಹೂಂ ಎಂದರೆ ಇಲಾಖೆಗೆ ಕಳಿಸುತ್ತಿತ್ತು. ಊರೂರಿಗೆ ಹೋಗಿ ಹೆಂಗಸರಿಂದ ಮಾತಾಡಿಸುವ ಕೆಲಸ ಶೀಲಾಳದು.

ಅವಳು ಇದೇ ಸವಣೂರಿನಲ್ಲಿ ಖಾರಾ ಕರಿದು ಮಾರುವ ಮುದುಕಿ ಮರಿಯಮಬಿಯ ಅಭಿಪ್ರಾಯ ತೆರೆದಳು. 'ಸರ್ಕಾರದ ಈ ಕ್ರಮವನ್ನು ನಾನು ಸ್ವಾಗತಿಸುತ್ತೇನೆ. ಅನುಷ್ಠಾನದಲ್ಲಿ ಕೆಲವು ತೊಂದರೆಗಳಿರಬಹುದು.' ಮೇಲೆ, ಸಣ್ಣ ಹಸಿರು ಅಕ್ಷರದಲ್ಲಿ: ಬೆಂಬಲ.

ಆಗ ಅವಳಿಗೆ ತಿಳಿಯಿತು. ಈ ಸೀಮೆಯಲ್ಲಿ ದೊಡ್ಡವರ ಮುಂದೆ ನಿಂತು ಬೇಡುವುದಕ್ಕೆ ಒಂದು ರೀತಿಯಿದೆ. ಮೊದಲು ನಮಸ್ಕಾರ. ಆಮೇಲೆ, ತಾವು ಮಾಡಿದ್ದು ಛಲೋನ ಐತ್ರಿ, ತಮ್ಮ ಮಾತು ಮೀರಾಂಗಿಲ್ರಿ ಎನ್ನುವುದು. ಎಲ್ಲ ಮುಗಿದು ಎದ್ದು ಹೊರಟು, ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುವಾಗ, ಆಗಷ್ಟೇ ನೆನಪಾಯಿತೆಂಬಂತೆ ತಮ್ಮ ಸಂಕಟ ಹೇಳುವುದು. ನಿಜವಾದ ಮಾತು ಶುರುವಾಗುವುದೇ ಹೊಸ್ತಿಲಿನಿಂದ ಎಂದು ಕೇಳುವವರಿಗೆ ಗೊತ್ತಿರುತ್ತದೆ. ಯಂತ್ರಕ್ಕೆ ಗೊತ್ತಿರಲಿಲ್ಲ. ಅದು ಹೊಗಳಿಕೆಯನ್ನು ಹಿಡಿದುಕೊಂಡು ಸಂಕಟವನ್ನು ಬಾಲಕ್ಕೆ ಕಟ್ಟಿತ್ತು.

ಯಂತ್ರಕ್ಕೆ ಗೊತ್ತಿಲ್ಲದಿದ್ದರೆ ಹೋಗಲಿ, ಅವಳಿಗಾದರೂ ಗೊತ್ತಾಗಬೇಕಿತ್ತಲ್ಲ? ಯಂತ್ರ ಪ್ರತಿ ಅಭಿಪ್ರಾಯವನ್ನು ಓದಿ ಹೇಳುವಾಗ ಅವಳು ಪಕ್ಕದಲ್ಲೇ ಇದ್ದಳು. ಹಾವೇರಿಯ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು ಶೀಲಾ. ತನ್ನ ಕನ್ನಡ ಕಚೇರಿಗೆ ಸಾಲದು ಎಂಬ ಅಳುಕು ಅವಳನ್ನು ಎಂದೂ ಬಿಟ್ಟಿರಲಿಲ್ಲ. ಯಂತ್ರದ ಆ ನುಣುಪು ಮಾತು ಕೇಳಿ, ಹೆಂಗಸರ ಜೊತೆ ತಾನೂ ಹಿಗ್ಗಿದ್ದಳು. ನಮ್ಮ ಮಾತು ಹಿಂಗ ಕೇಳಿಸ್ತೈತಲ್ಲ ಎಂದು ಅವರೆಲ್ಲ ಹೂಂ ಅಂದಿದ್ದರು. ಹೂಂ ಅನ್ನಿರಿ ಎಂದವಳು ಅವಳೇ.

ಹುಬ್ಬಳ್ಳಿಯ ಸಂಸ್ಥೆಯ ಚನ್ನೇಶನಿಗೆ ಫೋನು ಮಾಡಿದಳು. ಅವನೂ ಪುಟ ತೆರೆದು ನೋಡಿದ. ಸಂಜೆ ಐದಕ್ಕೆ ಅವಧಿ ಮುಗಿಯುತ್ತದೆ, ಮೇಲೆ ಕುಳಿತವರು ಒಂದೊಂದನ್ನೂ ಓದುವುದಿಲ್ಲ, ಈ ಸಾರಾಂಶವನ್ನಷ್ಟೇ ನೋಡುತ್ತಾರೆ ಎಂದ. ಅಲ್ಲೇ ತಿದ್ದಿಬಿಡಿ ಎಂದು ಅವಳು ಗೋಗರೆದಳು. ಮಂದಿಯ ಮಾತನ್ನು ನಾವು ತಿದ್ದಿದರೆ ಎಲ್ಲವೂ ರದ್ದಾಗುತ್ತದೆ, ಅವರೇ ತಮ್ಮ ನಂಬರಿನಿಂದ ಮತ್ತೆ ಕರೆ ಮಾಡಿದರೆ ಕಡೆಯ ಮಾತು ನಿಲ್ಲುತ್ತದೆ ಎಂದ. ಆಮೇಲೆ ಮೆಲ್ಲಗೆ, "ನೀವು ಮ್ಯಾಲಿನ ಸಾಲು ನೋಡಿದ್ದಿಲ್ಲೇನ್ರಿ?" ಎಂದು ಕೇಳಿದ.

ಬಿಚ್ಚಿದ ಬುತ್ತಿಯನ್ನು ಅಲ್ಲೇ ಬಿಟ್ಟು ಒಬ್ಬೊಬ್ಬರಿಗೇ ಫೋನು ಹಚ್ಚತೊಡಗಿದಳು. ಶಿಗ್ಗಾವಿ ಕಡೆಯ ತಡಸದವರ ಫೋನು ಬಂದ್ ಆಗಿತ್ತು. ಹಾನಗಲ್ಲಿನ ಓಣಿಗೆ ಓಣಿಯೇ ಮದುವೆಗೆ ಹೋಗಿತ್ತು. ಡೋಲಿನ ಸದ್ದಿನಲ್ಲಿ ಅವಳ ಮಾತು ಅವರಿಗೆ ತಿಳಿಯಲಿಲ್ಲ, ಅವರದು ಅವಳಿಗೆ ತಿಳಿಯಲಿಲ್ಲ. ಮರಿಯಮಬಿಯ ಓಣಿಯ ದಿಲ್ಶಾದಳ ಫೋನು ಲಾರಿ ಹೊಡೆಯುವ ಗಂಡನ ಕಿಸೆಯಲ್ಲಿತ್ತು. ಸಿಕ್ಕ ಕೆಲವರು ಪಾಪ, ಕೂಡಲೇ ಮತ್ತೆ ಕರೆ ಮಾಡಿದರು. ಶೀಲಾ ಪುಟ ನೋಡುತ್ತಲೇ ಇದ್ದಳು. ಹಸಿರು ಅಕ್ಷರ ಹಸಿರಾಗಿಯೇ ಉಳಿಯಿತು. ಮೊದಲು ಹೊಗಳದೆ ಮಾತು ಶುರು ಮಾಡುವುದು ಒಬ್ಬರಿಗೂ ಆಗಿರಲಿಲ್ಲ.

ಓಡುತ್ತಾ ಮರಿಯಮಬಿಯ ಮನೆಗೆ ಹೋದಳು. ಹತ್ತು ಹೆಜ್ಜೆಗೂ ಸಾಲದ ಆ ಖೋಲಿಯಲ್ಲಿ ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಸುತ್ತಿಟ್ಟ ಹಾಸಿಗೆ. ಕಡಾಯಿಯಲ್ಲಿ ಎಣ್ಣೆ ಕಾಯುತ್ತಿತ್ತು. ಶೀಲಾ ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದಳು. ಮರಿಯಮಬಿ ಝಾರಿ ಸೌಟನ್ನು ಕೆಳಗಿಟ್ಟಳು.

"ಅಂದ್ರ ನಾ ಹೂಂ ಅಂದಂಗಾತೇನು?"

"ಹೌದ್ರಿ ಅಮ್ಮಾರ. ಈಗ ಮತ್ತ ಫೋನ್ ಮಾಡಿ ಬ್ಯಾಡ ಅನ್ರಿ. ಬ್ಯಾರೆ ಏನೂ ಅನಬ್ಯಾಡ್ರಿ."

ಮುದುಕಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಸಾಹೇಬ್ರ ತಾವು ದೊಡ್ಡವರು ಎಂದು ಶುರು ಮಾಡಿದಳು. ಶೀಲಾ ಕರೆ ಕತ್ತರಿಸಿದಳು. ಮತ್ತೆ ಹಚ್ಚಿದರೆ ಮತ್ತೆ ಅದೇ. ಮರಿಯಮಬಿಯ ಮನೆಮಾತು ಉರ್ದು. ಆ ಮಾತಿನಲ್ಲಾದರೆ ಅವಳ ಬೈಗುಳಕ್ಕೆ ಓಣಿಯ ನಾಯಿ ಕೂಡ ದಾರಿ ಬಿಡುತ್ತಿತ್ತು. ಕಚೇರಿಯ ಕನ್ನಡ ಮಾತ್ರ ಅವಳ ಬಾಯಲ್ಲಿ ಕೈ ಮುಗಿದುಕೊಂಡೇ ಬರುತ್ತಿತ್ತು.

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು. ಶೀಲಾಗೆ ಅಳು ಬಂತು. ಆಗ ಹೊಳೆಯಿತು: ಕನ್ನಡದಲ್ಲಿ ಈಕೆ ಜಗಳಾಡುವ ಜಾಗವೊಂದಿದೆ.

"ಅಂಗಡಿ ಶಿದ್ಲಿಂಗಪ್ಪ ಕಡಲಿಹಿಟ್ಟಿನ ತೂಕ ಕಡಿಮಿ ಹಾಕಿದ್ರ ಏನಂತೀರಿ?"

"ಆ ಕಳ್ಳ ಮುದಕಗ ಏನನ್ನೂದು? ಒಯ್ಯೋ ನಿನ್ನ ಹಿಟ್ಟ ಅಂತೇನಿ."

"ಈ ಫೋನಿನ್ಯಾಗ ಸಾಹೇಬ್ರಿಲ್ರಿ. ಶಿದ್ಲಿಂಗಪ್ಪ ಕುಂತಾನ ಅಂತ ತಿಳಕೋರಿ."

ಮರಿಯಮಬಿ ಒಂದು ಗಳಿಗೆ ಫೋನನ್ನೇ ದಿಟ್ಟಿಸಿದಳು. ಸೆರಗು ತಲೆಯಿಂದ ಜಾರಿತು. "ಒಯ್ರಿ ನಿಮ್ಮ ಕಾಯದೆ. ನನಗ ಬ್ಯಾಡ. ಇರೂದು ಒಂದ ಖೋಲಿ. ಇಲ್ಲೇ ಕರೀತೇನಿ, ಇಲ್ಲೇ ನಮಾಜ ಮಾಡತೇನಿ, ಇಲ್ಲೇ ಮಕ್ಕೋತೇನಿ. ಒಲಿ ಹೊರಗ ಇಡು ಅಂದ್ರ ಎಲ್ಲಿ ಇಡ್ಲಿ, ನಿಮ್ಮ ತಲಿ ಮ್ಯಾಲ ಇಡ್ಲೇನು?"

ಹೇಳಿದ ಮೇಲೆ ತಾನೇ ಹೆದರಿ ಬಾಯಿಗೆ ಸೆರಗು ಒತ್ತಿಕೊಂಡಳು, ಪೊಲೀಸರು ಬರುತ್ತಾರೇನೋ ಎಂದು ಕೇಳಿದಳು. ಶೀಲಾಳ ಮೊಬೈಲಿನಲ್ಲಿ ತೆರೆದಿದ್ದ ಪುಟದಲ್ಲಿ ಮುದುಕಿಯ ಹೆಸರಿನ ಮೇಲೆ ಕೆಂಪು ಅಕ್ಷರ ಮೂಡಿತು: ವಿರೋಧ.

ಆ ಉಪಾಯವನ್ನೇ ಹಿಡಿದು ಶೀಲಾ ಓಣಿಯ ನಾಲ್ಕೈದು ಮನೆ ಸುತ್ತಿದಳು. ಇನ್ನೆರಡು ಕೆಂಪಾದವು. ದಿಲ್ಶಾದಳ ಬಾಗಿಲನ್ನು ಮಾತ್ರ ದಾಟಿ ಹೋದಳು, ಫೋನೇ ಇಲ್ಲದವಳಿಂದ ಏನು ಹೇಳಿಸುವುದು? ತಿರುಗಿ ಬಂದು ಮರಿಯಮಬಿಯ ಹೊಸ್ತಿಲ ಮೇಲೆ ಕುಳಿತಾಗ ಐದಕ್ಕೆ ಸ್ವಲ್ಪವೇ ಬಾಕಿ. ಇನ್ನು ಉಳಿದದ್ದು ಹಿರೇಕೆರೂರಿನಲ್ಲಿರುವ ತನ್ನ ಅವ್ವ. ಅವ್ವ ಸರೋಜವ್ವ ಸಂತೆಯಲ್ಲಿ ಚಕ್ಕುಲಿ ಮಾರಿ ಮಗಳನ್ನು ಓದಿಸಿದವಳು. ಅವಳದೂ ಒಂದೇ ಖೋಲಿ, ಅವಳದೂ ಹಸಿರು.

ಸಂತೆಯ ವ್ಯಾಪಾರಿಯ ಜೊತೆ ಮಾತಾಡುವಂತೆ ಮಾತಾಡು, ಬ್ಯಾಡ ಎಂದೇ ಶುರು ಮಾಡು ಎಂದು ಬಾರಿಬಾರಿ ಹೇಳಿ ಫೋನಿಟ್ಟಳು. ಪುಟವನ್ನು ನೋಡುತ್ತಾ ಕುಳಿತಳು. ಉಸಿರಾಡಿದರೆ ಎಲ್ಲಿ ಕೆಡುತ್ತದೋ ಎಂಬಂತೆ ಕುಳಿತಳು. ಅವ್ವನ ಹೆಸರು ಒಮ್ಮೆ ಮಿನುಗಿತು. ಹೊಸ ಮಾತು ಬಂದಿತ್ತು. ಬಣ್ಣ ಹಸಿರೇ.

ಅವ್ವನ ಫೋನು ಬಂತು. ದನಿಯಲ್ಲಿ ಕೆಲಸ ಮುಗಿಸಿದ ಸಮಾಧಾನ.

"ಹೇಳಿದೆ ನೋಡವಾ. ಬ್ಯಾಡಂತನೂ ಅಂದೆ."

"ಮೊದ್ಲ ಏನಂದಿ?"

"ನಮಸ್ಕಾರ ಅಂದೆ. ತಾವು ಮಾಡಿದ್ದು ಛಲೋನ ಐತ್ರಿ ಅಂದೆ. ಮನಿತನಸ್ಥರು ಏಕದಂ ಬ್ಯಾಡ ಅಂತ ಹೆಂಗ ಅನ್ನೂದು? ನಿನಗ ನಾ ಹಂಗ ಕಲಿಸೇನೇನು?"

ಶೀಲಾ ಮತ್ತೊಮ್ಮೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪುಟ ಬೂದಿಬಣ್ಣಕ್ಕೆ ತಿರುಗಿತು. ಅವಧಿ ಮುಗಿದಿದೆ, ಧನ್ಯವಾದಗಳು. ಬಹುತೇಕ ಮಹಿಳೆಯರು ಬೆಂಬಲಿಸಿದ್ದಾರೆ. ಅವ್ವ ಅತ್ತಲಿಂದ, ಉಂಡಿಯೇನ ಎಂದು ಕೇಳುತ್ತಿದ್ದಳು.

ಮರಿಯಮಬಿ ಶೀಲಾಳ ಮುಖ ನೋಡಿ ಕಡಾಯಿ ಇಳಿಸಿದಳು, ಒಲೆ ಆರಿಸಿದಳು.

"ಏಳು ಬೇಟಿ. ಓಣ್ಯಾಗ ನಾವ ಹೇಳೂನು. ಇನ್ನೊಬ್ಬರ ಬಾಯಿಂದ ತಿಳಿಬಾರದು."

ಮುದುಕಿ ರಟ್ಟೆ ಹಿಡಿದು ಎಬ್ಬಿಸಿದಳು. ಮೊದಲ ಬಾಗಿಲು ದಿಲ್ಶಾದಳದು. ಒಳಗೆ ಹಿಟ್ಟು ನಾದುವ ಸದ್ದು ನಿಂತಿತು. ದಿಲ್ಶಾದ ಮೊಣಕೈತನಕ ಹಿಟ್ಟು ಮೆತ್ತಿಕೊಂಡು ಬಂದು, ಶೀಲಾಳನ್ನು ಕಂಡದ್ದೇ ಮುಖ ಅರಳಿಸಿದಳು.

"ಬರ್ರಿ ಅಕ್ಕಾರ, ಕುಂಡ್ರಿ. ನಮ್ಮ ಮಾತು ಸಾಹೇಬ್ರಿಗೆ ಮುಟ್ಟಿತೇನ್ರಿ?"